ಗಡಿಪಾರಾದ ಟ್ರಂಪೆಟ್ ಮೇಷ್ಟ್ರು

ಟ್ರಂಪೆಟ್ ಅಂದ್ರೆ ನನಗೆ ನಮ್ಮೂರ ಮದುವೆಯ ಬ್ಯಾಂಡ್‌ಸೆಟ್ ಅಷ್ಟೇ. ಒಂದು ರಾತ್ರಿ ರಿಲೀಸ್ ಮುಗಿಯೋದನ್ನ ಕಾಯ್ತಾ ಹೆಡ್‌ಫೋನ್ ಹಾಕ್ಕೊಂಡು ಕೂತಿದ್ದಾಗ ಆಸ್ಕರ್ ಬ್ಯೋಮೆ ಅವರ ಟ್ರಂಪೆಟ್ ಕನ್ಸರ್ಟೊ ಕಿವಿಗೆ ಬಿತ್ತು. ಯಾರಪ್ಪಾ ಇವರು ಅಂತ ಹುಡುಕಿದೆ.

ಹುಟ್ಟಿದ್ದು 1870ರಲ್ಲಿ, ಜರ್ಮನಿಯ ಡ್ರೆಸ್ಡೆನ್ ಹತ್ತಿರ. ಲೈಪ್‌ಜಿಗ್‌ನಲ್ಲಿ ಸಂಗೀತ ರಚನೆ ಕಲಿತು, 1897ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋದರು. ನಾವು ಆನ್‌ಸೈಟ್‌ಗೆ ಹೋಗ್ತೀವಲ್ಲ, ಹಾಗೇ. ಆದರೆ ಅವರು ಅಲ್ಲಿಯವರೇ ಆಗಿಬಿಟ್ಟರು. ದೊಡ್ಡ ಸಂಯೋಜಕರೆಲ್ಲ ಪಿಯಾನೊ, ವಯೊಲಿನ್‌ಗೆ ಕನ್ಸರ್ಟೊ ಬರೀತಿದ್ದ ಆ ಕಾಲದಲ್ಲಿ, 1899ರಲ್ಲಿ ಇವರು ಟ್ರಂಪೆಟ್‌ಗೆ ಬರೆದರು. ಪ್ರಸಿದ್ಧ ಮಾರಿನ್‌ಸ್ಕಿ ರಂಗಮಂದಿರದಲ್ಲಿ ಸುಮಾರು ಎರಡು ದಶಕ ಕಾರ್ನೆಟ್ ನುಡಿಸಿದರು. ಕ್ರಾಂತಿಯ ನಂತರ, 1921ರಿಂದ ಸಂಗೀತ ಶಾಲೆಯೊಂದರಲ್ಲಿ ಮೇಷ್ಟ್ರಾದರು.

ಸ್ಟಾಲಿನ್ ಕಾಲದಲ್ಲಿ ಜರ್ಮನ್ ಮೂಲವೇ ಸಂಶಯಕ್ಕೆ ಸಾಕಾಗಿತ್ತು. 1935ರಲ್ಲಿ ದೂರದ ಒರೆನ್‌ಬರ್ಗ್‌ಗೆ ಗಡಿಪಾರು. ವಯಸ್ಸು ಅರವತ್ತೈದು. ಅಲ್ಲೂ ಅವರು ಹುಡುಕಿಕೊಂಡದ್ದು ಸಂಗೀತ ಶಾಲೆಯನ್ನೇ. 1938ರ ಅಕ್ಟೋಬರ್ 3ರಂದು ಗುಂಡಿಟ್ಟು ಕೊಂದರು. 1941ರಲ್ಲಿ ಕಾಲುವೆ ಕೆಲಸದಲ್ಲಿ ಅವರನ್ನ ನೋಡಿದ್ದಾರೆ ಅನ್ನೋ ಮಾತು ಬಹಳ ಕಾಲ ಓಡಾಡ್ತಾ ಇತ್ತು. ಕೊನೆಗೆ ನಿಜ ಹೇಳಿದ್ದು ದಾಖಲೆಗಳು.

ಮೇಷ್ಟ್ರನ್ನ ಕೊಂದವರಿಗೆ ಪಾಠವನ್ನ ಕೊಲ್ಲೋಕೆ ಆಗಲಿಲ್ಲ. ಆ ಕನ್ಸರ್ಟೊವನ್ನ ಜಗತ್ತಿನಾದ್ಯಂತ ಟ್ರಂಪೆಟ್ ವಿದ್ಯಾರ್ಥಿಗಳು ಇವತ್ತಿಗೂ ಅಭ್ಯಾಸ ಮಾಡ್ತಾರೆ. ಮುಂದಿನ ಸಲ ಊರಿಗೆ ಹೋದಾಗ ಬ್ಯಾಂಡ್‌ಸೆಟ್‌ನವರನ್ನ ಒಂದು ಮಾತು ಕೇಳಬೇಕು: ನಿಮಗೆ ಊದೋದು ಕಲಿಸಿದ ಮೇಷ್ಟ್ರು ಯಾರು?