ಸಣ್ಣ ವಿಮಾನ ಅಪಘಾತ ಮತ್ತು ಪರಿಹಾರದ ಹೊಣೆ: ಭಾರತದ ಕಾನೂನು ಬೆಳೆದುಬಂದ ಬಗೆ

ವಿಮಾನ ಅಪಘಾತದಲ್ಲಿ ಗಾಯಗೊಂಡವರಿಗೆ ಯಾರು, ಎಷ್ಟು ಪರಿಹಾರ ಕೊಡಬೇಕು ಎಂದು ತೀರ್ಮಾನಿಸುವಾಗ ಭಾರತದ ಕಾನೂನು ಗಾಯ ಎಷ್ಟು ಎಂಬುದಕ್ಕಿಂತ ಮೊದಲು ಗಾಯಾಳು ಎಲ್ಲಿದ್ದರು ಎಂದು ಕೇಳುತ್ತದೆ. ಟಿಕೆಟ್ ಪಡೆದು ಕುಳಿತ ಪ್ರಯಾಣಿಕ, ತರಬೇತಿ ವಿಮಾನದ ವಿದ್ಯಾರ್ಥಿ, ಸಂಬಳಕ್ಕೆ ದುಡಿಯುವ ಪೈಲಟ್, ಕೆಳಗೆ ಹೊಲದಲ್ಲಿದ್ದ ರೈತ, ಈ ನಾಲ್ವರಿಗೂ ಬೇರೆ ಬೇರೆ ಕಾನೂನು ಅನ್ವಯವಾಗುತ್ತದೆ. ತೊಂಬತ್ತು ವರ್ಷಗಳಲ್ಲಿ ಪ್ರಯಾಣಿಕನ ಹಕ್ಕು ಹಂತಹಂತವಾಗಿ ಬೆಳೆದಿದೆ. ರೈತನ ಹಕ್ಕು ಹೆಚ್ಚುಕಡಿಮೆ 1934ರಲ್ಲಿ ಇದ್ದಲ್ಲೇ ಇದೆ.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ವಿಮಾನ ನಿಲ್ದಾಣವಿಲ್ಲ. ಆದರೂ ಈ ಪ್ರಶ್ನೆ ಅಲ್ಲಿಗೆ ದೂರದ್ದಲ್ಲ. ಒಂದು ಬದಿಗೆ ಶಿವಮೊಗ್ಗದ ಸೋಗಾನೆಯಲ್ಲಿ 3,200 ಮೀಟರ್ ರನ್‌ವೇ ಇರುವ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಯಿತು. ಆ ವರ್ಷದ ಆಗಸ್ಟ್ 31ರಿಂದ ಬೆಂಗಳೂರಿನ ಎಟಿಆರ್ ವಿಮಾನ ಬಂದುಹೋಗತೊಡಗಿತು. ಇನ್ನೊಂದು ಬದಿಗೆ, ಜಗಳೂರಿಗೆ ಹೊಂದಿಕೊಂಡ ಚಳ್ಳಕೆರೆ ತಾಲ್ಲೂಕಿನಲ್ಲಿ, ಡಿಆರ್‌ಡಿಒ ಎಂಬ ರಕ್ಷಣಾ ಸಂಶೋಧನಾ ಸಂಸ್ಥೆಯು ಪೈಲಟ್ ಇಲ್ಲದ ವಿಮಾನಗಳನ್ನು ಹಾರಿಸಿ ಪರೀಕ್ಷಿಸುವ ವಲಯವಿದೆ.

ಟಿಕೆಟ್ ಪಡೆದ ಪ್ರಯಾಣಿಕ

ಪ್ರಯಾಣಿಕರ ಕಾನೂನಿಗೆ ಬುನಾದಿ 1929ರ ವಾರ್ಸಾ ಒಪ್ಪಂದ. ಅಪಘಾತವಾದರೆ ತಪ್ಪು ವಿಮಾನ ಸಂಸ್ಥೆಯದೇ ಎಂದು ಅದು ಮೊದಲೇ ಭಾವಿಸಿತು. ಅದಕ್ಕೆ ಬದಲಾಗಿ ಪರಿಹಾರಕ್ಕೆ ಒಂದು ಮಿತಿ ಹಾಕಿತು. ಭಾರತ ಇದನ್ನು 1934ರ ಕಾಯ್ದೆಯ ಮೂಲಕ ಒಪ್ಪಿದರೂ ಅದು ಅಂತರರಾಷ್ಟ್ರೀಯ ಯಾನಕ್ಕಷ್ಟೇ ಅನ್ವಯವಾಗುತ್ತಿತ್ತು. ದೇಶದೊಳಗೆ ಹಾರುವವರನ್ನು ಕಾಯುತ್ತಿದ್ದುದು ಟಿಕೆಟ್ಟಿನ ಕರಾರು ಮಾತ್ರ. ಅದರ ಫಲ 1953ರ ಡಿಸೆಂಬರ್ 12ರ ನಾಗಪುರ ಅಪಘಾತದ ನಂತರ ಕಂಡಿತು. ಆ ಡಕೋಟಾ ವಿಮಾನದಲ್ಲಿ ಸತ್ತ ಪ್ರಯಾಣಿಕರೊಬ್ಬರ ಕುಟುಂಬ ಹೂಡಿದ ದಾವೆಯಲ್ಲಿ ಕಲ್ಕತ್ತಾ ಹೈಕೋರ್ಟ್, ಸಂಸ್ಥೆ ಯಾವ ಹೊಣೆಯನ್ನೂ ಹೊರುವುದಿಲ್ಲವೆಂಬ ಟಿಕೆಟ್ಟಿನ ಷರತ್ತನ್ನೇ ಎತ್ತಿಹಿಡಿಯಿತು.

1972ರ ವಿಮಾನ ಸಾಗಣೆ ಕಾಯ್ದೆ ಬಂದ ಮೇಲೆ, 1973ರ ಅಧಿಸೂಚನೆಯಿಂದ ದೇಶದೊಳಗಿನ ಯಾನಕ್ಕೂ ಇದೇ ಬಗೆಯ ನಿಯಮಗಳು ಅನ್ವಯವಾದವು. ಹೊಣೆಯನ್ನು ಪೂರ್ತಿ ಕಳಚಿಕೊಳ್ಳುವ ಷರತ್ತಿಗೆ ಬೆಲೆ ಇಲ್ಲವಾಯಿತು. ಮುಂದಿನ ಹೆಜ್ಜೆ 1999ರ ಮಾಂಟ್ರಿಯಲ್ ಒಪ್ಪಂದ. ಇದರಲ್ಲಿ ಹೊಣೆ ಎರಡು ಹಂತದ್ದು: ನಿಗದಿತ ಮೊತ್ತದವರೆಗೆ ಸಾಬೀತಾದ ನಷ್ಟವನ್ನು ಯಾರ ತಪ್ಪು ಎಂದು ಕೇಳದೆ ತುಂಬಿಕೊಡಬೇಕು; ಅದಕ್ಕೂ ಹೆಚ್ಚಿನ ನಷ್ಟವನ್ನು ತನ್ನ ನಿರ್ಲಕ್ಷ್ಯವಿರಲಿಲ್ಲವೆಂದು ತೋರಿಸಿದರೆ ಮಾತ್ರ ಸಂಸ್ಥೆ ತಪ್ಪಿಸಿಕೊಳ್ಳಬಹುದು. ಭಾರತಕ್ಕೆ ಇದು 2009ರ ಜೂನ್ 30ರಿಂದ ಜಾರಿಗೆ ಬಂತು. ದೇಶದೊಳಗಿನ ಯಾನಕ್ಕೆ 2014ರ ಅಧಿಸೂಚನೆಯು ಮೊದಲ ಹಂತದ ಮೊತ್ತವನ್ನು 20 ಲಕ್ಷ ರೂಪಾಯಿ ಎಂದು ಗೊತ್ತುಮಾಡಿತು. ಬೆಂಗಳೂರಿನಿಂದ ಸೋಗಾನೆಗೆ ಬರುವ ಪ್ರಯಾಣಿಕರು ಈ ವ್ಯವಸ್ಥೆಯೊಳಗೆ ಬರುತ್ತಾರೆ.

ಮಾಂಟ್ರಿಯಲ್ ನಿಯಮ ಜಾರಿಯಾಗಿ ವರ್ಷ ತುಂಬುವ ಮೊದಲೇ, 2010ರ ಮೇ 22ರಂದು, ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ಮೃತರಲ್ಲಿ ಅನೇಕರು ಕಾಸರಗೋಡು ಮತ್ತು ದಕ್ಷಿಣ ಕನ್ನಡದವರು. ಅಂತರರಾಷ್ಟ್ರೀಯ ಯಾನದ ಮೊದಲ ಹಂತದ ಮೊತ್ತ, ಅಂದರೆ ಆಗ ಸುಮಾರು 75 ಲಕ್ಷ ರೂಪಾಯಿ, ಪ್ರತಿ ಮೃತರ ಕುಟುಂಬಕ್ಕೂ ಸಿಗಬೇಕಾದ ಕನಿಷ್ಠ ಪರಿಹಾರ ಎಂದು ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ 2011ರ ಜುಲೈನಲ್ಲಿ ಹೇಳಿತು. ಅದೇ ವರ್ಷ ವಿಭಾಗೀಯ ಪೀಠ ಅದನ್ನು ರದ್ದುಮಾಡಿತು. ಬೇರೊಂದು ಕುಟುಂಬ ಗ್ರಾಹಕ ಆಯೋಗದ ದಾರಿ ಹಿಡಿಯಿತು. 2020ರಲ್ಲಿ ಸುಪ್ರೀಂ ಕೋರ್ಟ್ ಆ ಕುಟುಂಬಕ್ಕೆ ಸುಮಾರು 7.64 ಕೋಟಿ ರೂಪಾಯಿ ನಿಗದಿಪಡಿಸಿತು. ಮೃತರ ಸಂಬಳ, ವಯಸ್ಸು, ಮುಂದೆ ಹೆಚ್ಚಬಹುದಾಗಿದ್ದ ಆದಾಯ ಇವುಗಳನ್ನು ಹಿಡಿದು, ರಸ್ತೆ ಅಪಘಾತದ ಮೊಕದ್ದಮೆಗಳಲ್ಲಿ ಬಳಸುವ ಕ್ರಮದಲ್ಲೇ ಅದು ಲೆಕ್ಕ ಹಾಕಿತು.

ಸಣ್ಣ ವಿಮಾನದೊಳಗಿನವರು

ಮಾಂಟ್ರಿಯಲ್ ನಿಯಮಕ್ಕೆ ಎರಡು ಬಾಗಿಲು: ಯಾನ ಹಣಕ್ಕಾಗಿ ನಡೆದಿರಬೇಕು, ಇಲ್ಲವೇ ವಿಮಾನ ಸಾರಿಗೆ ನಡೆಸುವ ಸಂಸ್ಥೆಯೇ ಉಚಿತವಾಗಿ ಕರೆದೊಯ್ದಿರಬೇಕು. ಬಾಡಿಗೆಗೆ ಗೊತ್ತುಮಾಡಿದ ಚಾರ್ಟರ್ ವಿಮಾನ ಒಳಗೆ ಬರುತ್ತದೆ. ಖಾಸಗಿ ಮಾಲೀಕ ತನ್ನ ವಿಮಾನದಲ್ಲಿ ಸ್ನೇಹಿತನನ್ನು ಬಿಟ್ಟಿಯಾಗಿ ಸುತ್ತಾಡಿಸಿದರೆ ಬರುವುದಿಲ್ಲ. 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಕರೀಂನಗರದ ಚುನಾವಣಾ ಪ್ರಚಾರಕ್ಕೆ ಹೊರಟ ಸೆಸ್ನಾ 180 ವಿಮಾನ ಮೇಲೇರಿದ ಕೆಲವೇ ಕ್ಷಣಗಳಲ್ಲಿ ಕೃಷಿ ವಿಶ್ವವಿದ್ಯಾಲಯದ ಆವರಣದ ಬಳಿ ಬಿದ್ದು, ನಟಿ ಸೌಂದರ್ಯ ಸೇರಿ ನಾಲ್ವರು ಸತ್ತರು. ಇಂಥ ಸಣ್ಣ ವಿಮಾನದ ಅಪಘಾತದಲ್ಲಿ ವಕೀಲರು ಮೊದಲು ನೋಡುವುದು ಆ ಹಾರಾಟ ಯಾವ ಪರವಾನಗಿಯಡಿ ನಡೆಯಿತು, ಯಾರು ಯಾರಿಗೆ ಹಣ ಕೊಟ್ಟಿದ್ದರು, ವಿಮೆ ಯಾವ ಬಳಕೆಗೆ ಮಾಡಿಸಿದ್ದು ಎಂಬುದನ್ನು. ಖಾಸಗಿ ಬಳಕೆಗೆ ಮಾಡಿಸಿದ ವಿಮೆ ಬಾಡಿಗೆ ಹಾರಾಟಕ್ಕೆ ಒದಗದೆ ಹೋಗಬಹುದು.

ತರಬೇತಿಯ ವಿದ್ಯಾರ್ಥಿ ಪ್ರಯಾಣಿಕನಲ್ಲ, ನೌಕರನೂ ಅಲ್ಲ. ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ 1940ರ ದಶಕದ ಕೊನೆಯಿಂದಲೂ ಇದೆ. ಈಗ ಖಾಸಗಿ ಶಾಲೆಗಳೂ ರಾಜ್ಯದ ಹಲವು ನಿಲ್ದಾಣಗಳನ್ನು ಬಳಸುತ್ತವೆ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹೊರಟ ಎರಡು ಆಸನದ ತರಬೇತಿ ವಿಮಾನ ಹೊನ್ನಿಹಾಳದ ಬಳಿ ಹೊಲದಲ್ಲಿ ತುರ್ತಾಗಿ ಇಳಿದು, ಒಳಗಿದ್ದ ಇಬ್ಬರಿಗೂ ಸಣ್ಣಪುಟ್ಟ ಗಾಯವಾಯಿತು. ಶುಲ್ಕ ಕಟ್ಟಿ ಕಲಿಯುವವರು ಸೇರುವಾಗಲೇ ಹೊಣೆ ತಮ್ಮದೆಂದು ಬರೆದುಕೊಡುವುದುಂಟು. ಅಂಥ ಪತ್ರ ಈಗ ನಾಗಪುರ ಪ್ರಕರಣದ ಕಾಲದಷ್ಟು ಗಟ್ಟಿಯಲ್ಲ; 2019ರ ಗ್ರಾಹಕ ರಕ್ಷಣಾ ಕಾಯ್ದೆಯು ಏಕಪಕ್ಷೀಯ ಕರಾರನ್ನು ಪ್ರಶ್ನಿಸಲು ಅವಕಾಶ ಕೊಟ್ಟಿದೆ.

ಸಂಬಳದ ಪೈಲಟ್‌ಗೆ ದಾರಿ ಸುಲಭ. 1923ರ ನೌಕರರ ಪರಿಹಾರ ಕಾಯ್ದೆಯು ತಿದ್ದುಪಡಿಯ ನಂತರ ವಿಮಾನದ ಕ್ಯಾಪ್ಟನ್ ಮತ್ತು ಸಿಬ್ಬಂದಿಯನ್ನೂ ನೌಕರರ ವ್ಯಾಖ್ಯೆಯೊಳಗೆ ಸೇರಿಸಿತು; 2025ರ ನವೆಂಬರ್‌ನಿಂದ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಕೆಲಸದ ವೇಳೆ ಗಾಯವಾಯಿತೆಂದು ತೋರಿಸಿದರೆ ಸಾಕು, ಮಾಲೀಕನ ತಪ್ಪನ್ನು ಹುಡುಕಬೇಕಿಲ್ಲ.

ಕೆಳಗಿದ್ದವರು

ಬ್ರಿಟನ್ 1920ರ ಕಾಯ್ದೆಯಲ್ಲಿ ಒಂದು ಕೊಡುಕೊಳ್ಳುವಿಕೆ ಮಾಡಿಕೊಂಡಿತು. ಸಾಕಷ್ಟು ಎತ್ತರದಲ್ಲಿ ಹಾರುವ ವಿಮಾನದ ಮೇಲೆ ಜಮೀನಿನ ಮಾಲೀಕ ಅತಿಕ್ರಮಣದ ದಾವೆ ಹೂಡುವಂತಿಲ್ಲ. ಆದರೆ ವಿಮಾನವೋ ಅದರಿಂದ ಕಳಚಿದ ವಸ್ತುವೋ ಬಿದ್ದು ಹಾನಿಯಾದರೆ, ತಪ್ಪು ಯಾರದೆಂದು ಕೇಳದೆ ವಿಮಾನದ ಮಾಲೀಕ ಪರಿಹಾರ ಕೊಡಬೇಕು. ಭಾರತದ 1934ರ ವಿಮಾನ ಕಾಯ್ದೆಯ 17ನೇ ಕಲಮು ಇದರ ಮೊದಲ ಅರ್ಧವನ್ನಷ್ಟೇ ತೆಗೆದುಕೊಂಡಿತು. ದಾವೆಗೆ ತಡೆ ಬಂತು, ಪರಿಹಾರದ ಖಾತರಿ ಬರಲಿಲ್ಲ. 2025ರ ಜನವರಿ 1ರಿಂದ ಜಾರಿಯಾದ ಭಾರತೀಯ ವಾಯುಯಾನ ಅಧಿನಿಯಮವೂ ಆ ಉಳಿದರ್ಧವನ್ನು ಸೇರಿಸಲಿಲ್ಲ. ನೆಲದ ಮೇಲಿನ ಹಾನಿಗೆಂದೇ 1952ರಲ್ಲಿ ರೂಪುಗೊಂಡ ರೋಮ್ ಒಪ್ಪಂದಕ್ಕೂ ಭಾರತ ಬದ್ಧವಾಗಿಲ್ಲ.

ಹೀಗಾಗಿ ಮನೆ ಮುರಿದವರು, ಕೈಕಾಲು ಕಳೆದುಕೊಂಡವರು ಸಾಮಾನ್ಯ ಕಾನೂನಿನಡಿ ಸಿವಿಲ್ ದಾವೆ ಹೂಡಿ ನಿರ್ಲಕ್ಷ್ಯವನ್ನು ಸಾಬೀತು ಮಾಡಬೇಕು. ಘಟನೆಯೇ ತಪ್ಪನ್ನು ಸಾರುತ್ತದೆ ಎಂಬ ತತ್ವವನ್ನೂ, ಅಪಾಯಕಾರಿ ಉದ್ಯಮಗಳ ಹೊಣೆ ಸಂಪೂರ್ಣವೆಂದ ಎಂ.ಸಿ. ಮೆಹ್ತಾ ಪ್ರಕರಣವನ್ನೂ ಮುಂದಿಡಬಹುದು. ಆದರೂ ಅದು ವಾದಿಸಿ ಗೆಲ್ಲಬೇಕಾದ ಮಾತು. 2025ರ ಜೂನ್ 12ರ ಅಹಮದಾಬಾದ್ ಏರ್ ಇಂಡಿಯಾ ವಿಮಾನ ದುರಂತದಲ್ಲಿ ನೆಲದ ಮೇಲಿದ್ದ 19 ಮಂದಿ ಸತ್ತರು. ವಿಮಾನದೊಳಗಿದ್ದವರ ಕುಟುಂಬಗಳಿಗೆ ಒಪ್ಪಂದದ ಬಲವಿತ್ತು. ಇವರ ಕುಟುಂಬಗಳಿಗೆ ಮೊದಲು ಒದಗಿದ್ದು ವಿಮಾನ ಸಂಸ್ಥೆಯ ಒಡೆತನವಿರುವ ಟಾಟಾ ಸಮೂಹ ತಾನಾಗಿ ಘೋಷಿಸಿದ ನೆರವು.

ಪೈಲಟ್ ಇಲ್ಲದ ವಿಮಾನಗಳ ಕಥೆ ಬೇರೆ. 2021ರ ಡ್ರೋನ್ ನಿಯಮಗಳ 44ನೇ ನಿಯಮವು ಮೋಟಾರು ವಾಹನ ಕಾಯ್ದೆಯ ಮೂರನೇ ವ್ಯಕ್ತಿಯ ವಿಮೆ ಮತ್ತು ಪರಿಹಾರದ ವ್ಯವಸ್ಥೆಯನ್ನು ಡ್ರೋನ್‌ಗೂ ಅನ್ವಯಿಸಿತು. 250 ಗ್ರಾಂ ಮೀರದ ನ್ಯಾನೊ ಡ್ರೋನ್‌ಗೆ ಮಾತ್ರ ವಿಮೆಯ ಕಡ್ಡಾಯವಿಲ್ಲ. ಚನ್ನಗಿರಿಯ ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಡ್ರೋನ್ ಆಳಿನ ಮೇಲೆ ಬಿದ್ದರೆ ಬೈಕ್ ಅಪಘಾತಕ್ಕಿರುವಂಥ ಕಾನೂನಿದೆ. ಅದೇ ತೋಟಕ್ಕೆ ತರಬೇತಿ ವಿಮಾನ ಬಿದ್ದರೆ ಇಲ್ಲ. ಆದರೆ ಈ ನಿಯಮಗಳು ಸೇನೆಯ ಡ್ರೋನ್‌ಗಳಿಗಿಲ್ಲ. 2019ರ ಸೆಪ್ಟೆಂಬರ್ 17ರಂದು ಡಿಆರ್‌ಡಿಒದ ಸೇನೆಗಾಗಿ ರೂಪಿಸುತ್ತಿದ್ದ ರುಸ್ತುಂ-2 ಡ್ರೋನ್ ಪರೀಕ್ಷಾ ಹಾರಾಟದಲ್ಲಿ ಚಿತ್ರದುರ್ಗ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿಯ ತೋಟಕ್ಕೆ ಬಿತ್ತು. 2023ರ ಆಗಸ್ಟ್ 20ರಂದು ಅದೇ ಸಂಸ್ಥೆಯ ತಪಸ್ ಡ್ರೋನ್ ಹಿರಿಯೂರು ತಾಲ್ಲೂಕಿನ ವದ್ದೀಕೆರೆ ಬಳಿ ಹೊಲಕ್ಕೆ ಬಿತ್ತು. ಎರಡೂ ಕಡೆ ಜನರಿಗೆ ಪೆಟ್ಟಾಗಲಿಲ್ಲ.

ನಿಲ್ದಾಣ ಮತ್ತು ತಯಾರಕರು

ರನ್‌ವೇಯ ಸ್ಥಿತಿ, ಪಕ್ಷಿ ಹಾಗೂ ದನಕರುಗಳ ತಡೆ, ಅಗ್ನಿಶಾಮಕ ವ್ಯವಸ್ಥೆ ಇವು ನಿಲ್ದಾಣ ನಡೆಸುವವರ ಕರ್ತವ್ಯ. ಶಿವಮೊಗ್ಗ ನಿಲ್ದಾಣವನ್ನು ನಡೆಸುವುದು ರಾಜ್ಯ ಸರ್ಕಾರದ ಕೈಗಾರಿಕಾ ಮತ್ತು ಮೂಲಸೌಕರ್ಯ ಅಭಿವೃದ್ಧಿ ನಿಗಮ (ಕೆಎಸ್‌ಐಐಡಿಸಿ). ಸರ್ಕಾರಿ ಸಂಸ್ಥೆ ಎಂಬ ಕಾರಣಕ್ಕೆ ಹೊಣೆ ತಪ್ಪುವುದಿಲ್ಲ. ಸಾರ್ವಭೌಮ ಅಧಿಕಾರದ ಹೆಸರಿನ ರಕ್ಷಣೆಯನ್ನು ಸುಪ್ರೀಂ ಕೋರ್ಟ್ 1994ರ ನಾಗೇಂದ್ರ ರಾವ್ ಪ್ರಕರಣದಲ್ಲಿ ಬಹಳ ಕಿರಿದಾಗಿಸಿದೆ.

ಯಂತ್ರದ ದೋಷವಿದ್ದರೆ ತಯಾರಕರ ಹೊಣೆ. ಅಮೆರಿಕದಲ್ಲಿ ಇಂಥ ದಾವೆಗಳ ಹೊರೆಯನ್ನು ಕಾರಣವಾಗಿ ಹೇಳಿ ಸೆಸ್ನಾ ಕಂಪನಿ 1986ರಲ್ಲಿ ಒಂಟಿ ಪಿಸ್ಟನ್ ಎಂಜಿನ್ ವಿಮಾನಗಳ ತಯಾರಿಕೆಯನ್ನೇ ನಿಲ್ಲಿಸಿತ್ತು. 18 ವರ್ಷ ದಾಟಿದ ಸಣ್ಣ ವಿಮಾನಕ್ಕೆ ತಯಾರಕರು ಸಾಮಾನ್ಯವಾಗಿ ಹೊಣೆಯಲ್ಲ ಎಂಬ ಕಾನೂನು ಅಲ್ಲಿ 1994ರಲ್ಲಿ ಬಂತು. ಭಾರತದಲ್ಲಿ ಉತ್ಪನ್ನದ ಹೊಣೆಗೆ ಪ್ರತ್ಯೇಕ ಅಧ್ಯಾಯ ಸಿಕ್ಕಿದ್ದು 2019ರ ಗ್ರಾಹಕ ಕಾಯ್ದೆಯಲ್ಲಿ.

ತನಿಖೆ, ನ್ಯಾಯಾಲಯ, ಗಡುವು

2,250 ಕಿಲೋಗಿಂತ ಹೆಚ್ಚು ತೂಕದ ವಿಮಾನಗಳು ಮತ್ತು ಜೆಟ್‌ಗಳ ಅಪಘಾತವನ್ನು 2012ರಲ್ಲಿ ಸ್ಥಾಪನೆಯಾದ ವಿಮಾನ ಅಪಘಾತ ತನಿಖಾ ಬ್ಯೂರೊ ನೋಡುತ್ತದೆ; ಅದಕ್ಕಿಂತ ಹಗುರವಾದವು ಸಾಮಾನ್ಯವಾಗಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಪಾಲಿಗೆ ಬರುತ್ತವೆ. ತರಬೇತಿಯಲ್ಲಿ ಸಾಮಾನ್ಯವಾದ ಸೆಸ್ನಾ 172ರ ತೂಕ ಭರ್ತಿಯಾದಾಗಲೂ ಸುಮಾರು 1,100 ಕಿಲೋ. ತನಿಖೆಯ ಉದ್ದೇಶ ಮುಂದಿನ ಅಪಘಾತ ತಪ್ಪಿಸುವುದೇ ಹೊರತು ಹೊಣೆ ಹಂಚುವುದಲ್ಲ ಎಂದು ನಿಯಮವೇ ಹೇಳುತ್ತದೆ. ಆದ್ದರಿಂದ ಪರಿಹಾರ ಕೇಳುವವರು ಸ್ವತಂತ್ರ ಸಾಕ್ಷ್ಯವನ್ನೂ ಕೂಡಿಸಿಕೊಳ್ಳಬೇಕು. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನ ಕ್ರಿಮಿನಲ್ ಪ್ರಕರಣ ಬೇರೆಯಾಗಿ ನಡೆಯುತ್ತದೆ.

ಗ್ರಾಹಕ ಆಯೋಗದ ವ್ಯಾಪ್ತಿಯನ್ನು ಈಗ ಕೇಳಿದ ಪರಿಹಾರದಿಂದಲ್ಲ, ಕೊಟ್ಟ ಹಣದಿಂದ ಅಳೆಯುತ್ತಾರೆ. ಕೆಲವು ಸಾವಿರದ ಟಿಕೆಟ್ ಕೊಂಡ ಹೊನ್ನಾಳಿಯ ಪ್ರಯಾಣಿಕರು ಕೋಟಿ ರೂಪಾಯಿ ಕೇಳುವುದಾದರೂ ತಾವಿರುವ ದಾವಣಗೆರೆಯ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಹಣ ಕೊಡದೆ ನೆಲದ ಮೇಲಿದ್ದವರು ಗ್ರಾಹಕರಲ್ಲ. ಅವರಿಗೆ ಸಿವಿಲ್ ನ್ಯಾಯಾಲಯವೇ ಗತಿ. ಮಾಂಟ್ರಿಯಲ್ ನಿಯಮ, ಗ್ರಾಹಕ ಕಾಯ್ದೆ, ಮೃತರ ಅವಲಂಬಿತರಿಗಾಗಿ ಇರುವ 1855ರ ಮಾರಕ ಅಪಘಾತಗಳ ಕಾಯ್ದೆ, ಮೂರರಲ್ಲೂ ಗಡುವು ಎರಡು ವರ್ಷ. ತನಿಖಾ ವರದಿಗಾಗಿ ಕಾಯುತ್ತ ಕುಳಿತರೆ ಈ ಗಡುವು ಮೀರಬಹುದು.