ನೀರಿನ ಕಾಯಿದೆ ಬರೆಯುವವರು ಯಾರು?

ಊರ ಕೆರೆ ಹಾಳಾದರೆ ನಾವು ಸಾಮಾನ್ಯವಾಗಿ ಎರಡೇ ಪರಿಹಾರಗಳನ್ನು ಯೋಚಿಸುತ್ತೇವೆ: ಒಂದೋ ಸರಕಾರ ವಹಿಸಿಕೊಳ್ಳಬೇಕು, ಇಲ್ಲವೇ ಖಾಸಗಿಯವರಿಗೆ ಒಪ್ಪಿಸಬೇಕು. ಆ ನೀರನ್ನೇ ನಂಬಿ ಬದುಕುವ ಜನರು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಅವರನ್ನು ಲೆಕ್ಕಕ್ಕೆ ತಂದವರು ಅಮೆರಿಕದ ಸಂಶೋಧಕಿ ಎಲಿನಾರ್ ಆಸ್ಟ್ರಮ್.

1933ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಜನಿಸಿದ ಆಸ್ಟ್ರಮ್‌ಗೆ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡುವ ಆಸೆಯಿತ್ತು. ಗಣಿತ ಸಾಕಷ್ಟು ಓದಿಲ್ಲವೆಂದು ಪ್ರವೇಶ ಸಿಗಲಿಲ್ಲ. ಹುಡುಗಿಯರಿಗೇಕೆ ಅಷ್ಟು ಗಣಿತ ಎನ್ನುತ್ತಿದ್ದ ಕಾಲವದು. ರಾಜ್ಯಶಾಸ್ತ್ರಕ್ಕೆ ಹೊರಳಿದ ಅವರು ಸಂಶೋಧನೆಗೆ ಆರಿಸಿಕೊಂಡದ್ದು ತಮ್ಮದೇ ಪ್ರದೇಶದ ಅಂತರ್ಜಲವನ್ನು. ಅಲ್ಲಿ ನಗರಗಳೂ ಕಂಪೆನಿಗಳೂ ಪೈಪೋಟಿಯಿಂದ ನೀರೆತ್ತಿ, ಬಾವಿಗಳಿಗೆ ಸಮುದ್ರದ ಉಪ್ಪುನೀರು ನುಗ್ಗತೊಡಗಿತ್ತು. ಕೊನೆಗೆ ನೀರೆತ್ತುವವರೇ ಸಂಘ ಕಟ್ಟಿ, ನ್ಯಾಯಾಲಯದ ನೆರವಿನಿಂದ ತಮ್ಮ ಪಾಲನ್ನು ತಾವೇ ಕಡಿತಗೊಳಿಸಿಕೊಂಡರು. 1965ರ ಅವರ ಪ್ರಬಂಧ ಈ ಒಪ್ಪಂದದ ಕಥೆ.

ಅದೇ ವರ್ಷ ಪತಿ ವಿನ್ಸೆಂಟ್‌ಗೆ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಹುದ್ದೆ ದೊರೆಯಿತು. ಎಲಿನಾರ್‌ಗೆ ಸಿಕ್ಕಿದ್ದು ಬೆಳಗಿನ 7.30ರ ತರಗತಿಗಳು. ಅಲ್ಲಿಂದಲೇ ಅವರು ಮೇಲೆ ಬಂದರು. ಸಣ್ಣ ಪೊಲೀಸ್ ಇಲಾಖೆಗಳನ್ನು ದೊಡ್ಡದರಲ್ಲಿ ವಿಲೀನಗೊಳಿಸಿದರೆ ದಕ್ಷತೆ ಹೆಚ್ಚುತ್ತದೆಂದು ತಜ್ಞರು ನಂಬಿದ್ದಾಗ, 1970ರ ದಶಕದಲ್ಲಿ ಇಂಡಿಯಾನಾಪೊಲಿಸ್‌ನ ನಿವಾಸಿಗಳನ್ನೇ ವಿಚಾರಿಸಿ, ಸಣ್ಣ ಇಲಾಖೆಗಳ ಸೇವೆ ದೊಡ್ಡದಕ್ಕೆ ಸಮ ಅಥವಾ ಉತ್ತಮವೆಂದು ತೋರಿಸಿದರು. 1973ರಲ್ಲಿ ದಂಪತಿ ಸ್ಥಾಪಿಸಿದ ಸಂಶೋಧನಾ ಕೇಂದ್ರಕ್ಕೆ 'ಕಾರ್ಯಾಗಾರ' ಎಂದೇ ಹೆಸರಿಟ್ಟರು.

ಸಾಮೂಹಿಕ ಸಂಪತ್ತು ಜನರ ದುರಾಸೆಯಿಂದ ನಾಶವಾಗುವುದು ಅನಿವಾರ್ಯವೆಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ವಾದಿಸಿದ್ದರು. ಆಸ್ಟ್ರಮ್‌ರ 1990ರ ಗ್ರಂಥ ಇದಕ್ಕೆ ಉದಾಹರಣೆಗಳ ಮೂಲಕವೇ ಉತ್ತರಿಸಿತು. ಸ್ಪೇನಿನ ವೆಲೆನ್ಸಿಯಾದಲ್ಲಿ ರೈತರೇ ಆರಿಸಿದ ಜಲ ನ್ಯಾಯಾಲಯ ಶತಮಾನಗಳಿಂದ ಗುರುವಾರಗಳಂದು ಸೇರಿ ಕಾಲುವೆ ವ್ಯಾಜ್ಯಗಳನ್ನು ಬಗೆಹರಿಸುತ್ತಿದೆ. ಅಲ್ಲಿನ ಕಾಲುವೆಗೆ ಇರುವ 'ಅಸೆಕಿಯ' ಎಂಬ ಹೆಸರು ಅರಬಿ ಮೂಲದ್ದು. ಆದರೆ ಆಸ್ಟ್ರಮ್ ಜನರನ್ನು ಕುರುಡಾಗಿ ಹೊಗಳಲಿಲ್ಲ. ಸೋತ ಊರುಗಳನ್ನೂ ಅಧ್ಯಯನ ಮಾಡಿದರು. ಸ್ಪಷ್ಟ ಗಡಿ, ಬಳಕೆದಾರರೇ ರೂಪಿಸಿದ ನಿಯಮ, ಉಸ್ತುವಾರಿ, ತಪ್ಪಿಗೆ ತಕ್ಕ ದಂಡ, ಸರಕಾರದ ಮನ್ನಣೆ ಇವುಗಳಿದ್ದಲ್ಲಿ ಮಾತ್ರ ವ್ಯವಸ್ಥೆ ಬಾಳುತ್ತದೆಂದರು. 2009ರಲ್ಲಿ ಅವರು ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆಯಾದರು. 2012ರಲ್ಲಿ ನಿಧನರಾದರು.

ಹಳೆ ಮೈಸೂರಿನ ನಮ್ಮ ಹಳ್ಳಿಗಳಲ್ಲೂ ಕೆರೆ ನೀರನ್ನು ಸರದಿಯಂತೆ ಹರಿಸಲು ನೀರುಗಂಟಿ ಇದ್ದ. ಆ ವ್ಯವಸ್ಥೆಯೊಳಗೆ ಜಾತಿಯ ಮೇಲುಕೀಳೂ ಇತ್ತೆಂಬುದನ್ನು ನಾವು ಮರೆಯಬಾರದು. ಹಾಗೆಂದು ಕೋಲಾರದಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಗಳನ್ನು ಪ್ರಗತಿ ಎನ್ನಲಾದೀತೇ? ನೀರಿನ ನಿಯಮ ರೂಪಿಸುವಾಗ ಸಣ್ಣ ಹಿಡುವಳಿದಾರನನ್ನೂ ಕೊಡ ಹೊತ್ತ ಹೆಣ್ಣುಮಗಳನ್ನೂ ಕೂರಿಸಿಕೊಂಡು ಕೇಳುವವರೆಗೆ, ನಮ್ಮ ನೀತಿಗಳು ಕಡತದಲ್ಲೇ ಉಳಿಯುತ್ತವೆ.