ಮುಟ್ಟನ್ನು ಮುಂದೂಡುವ ಮಾತ್ರೆಯ ಚರಿತ್ರೆ

ಹಾಸನಾಂಬ ದೇವಾಲಯದ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜ ಮಾಸದಲ್ಲಿ. ಕೆಲವೇ ದಿನ, ದೀಪಾವಳಿ ಮುಗಿಯುತ್ತಿದ್ದಂತೆ ಮತ್ತೆ ಮುಚ್ಚುತ್ತದೆ. ಅರಕಲಗೂಡಿನಿಂದಲೋ ಹೊಳೆನರಸೀಪುರದಿಂದಲೋ ಹೊರಟ ಮಹಿಳೆಗೆ ಅದೇ ದಿನಗಳಲ್ಲಿ ಮುಟ್ಟು ಬರುವಂತಿದ್ದರೆ, ಔಷಧದಂಗಡಿಯಲ್ಲಿ 'ಡೇಟ್ ಮುಂದಕ್ಕೆ ಹಾಕುವ ಮಾತ್ರೆ' ಕೇಳುವುದು ನಮ್ಮಲ್ಲಿ ಹೊಸದಲ್ಲ. ಮದುವೆ, ಪರೀಕ್ಷೆ, ಕ್ರೀಡಾಕೂಟಗಳಿಗೂ ಇದೇ ಉಪಾಯ. ಈ ಮಾತ್ರೆಯಲ್ಲಿರುವುದು ನಾರ್‌ಎಥಿಸ್ಟೆರೋನ್ ಎಂಬ ಸಂಶ್ಲೇಷಿತ ಹಾರ್ಮೋನು.

ಋತುಚಕ್ರದ ವಿಷಯದಲ್ಲಿ ಹಳೆಯ ಮೈಸೂರು ಸೀಮೆಗೆ ತನ್ನದೇ ಚರಿತ್ರೆಯಿದೆ. 1930ರಲ್ಲಿಯೇ ಮೈಸೂರು ಸಂಸ್ಥಾನ ಸರ್ಕಾರಿ ಜನನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಮಂಜೂರಾತಿ ನೀಡಿತು. ಒಂದು ಸರ್ಕಾರ ತಾನೇ ಮುಂದೆ ನಿಂತು ಇಂಥ ಕೆಲಸಕ್ಕೆ ಕೈಹಾಕಿದ್ದು ಆಗ ಜಗತ್ತಿನಲ್ಲೇ ಅಪರೂಪ. 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಡಾ. ಅಬ್ರಹಾಂ ಸ್ಟೋನ್ ಅವರ ಮಾರ್ಗದರ್ಶನದಲ್ಲಿ ರಾಮನಗರದಲ್ಲಿ ಒಂದು ಪ್ರಯೋಗ ನಡೆಯಿತು. ಮಹಿಳೆಯರಿಗೆ ಬಣ್ಣದ ಮಣಿಗಳ ಸರ ಕೊಟ್ಟು, ದಿನಕ್ಕೊಂದು ಮಣಿ ಸರಿಸಲು ಹೇಳಿದರು. ಹಸಿರು ಮಣಿ ಗರ್ಭ ನಿಲ್ಲದ ದಿನ, ಕೆಂಪು ಮಣಿ ನಿಲ್ಲಬಹುದಾದ ದಿನ. ಎಲ್ಲರ ಚಕ್ರವೂ ಸರದಷ್ಟು ಕ್ರಮಬದ್ಧವಾಗಿರುವುದಿಲ್ಲ. ಯೋಜನೆ ನಿರೀಕ್ಷಿತ ಫಲ ಕೊಡಲಿಲ್ಲ.

ದಿನ ಎಣಿಸುವ ಬದಲು ದಿನವನ್ನೇ ಬದಲಿಸಬಹುದೆ? ಅಂಡೋತ್ಸರ್ಗದ ನಂತರ ಅಂಡಾಶಯದಲ್ಲಿ ಉಳಿಯುವ ಪೀತಪಿಂಡ ಪ್ರೊಜೆಸ್ಟರಾನ್ ಸ್ರವಿಸುತ್ತದೆ. ಗರ್ಭಾಶಯದ ಒಳಪೊರೆಯನ್ನು ಕಾಯುವುದು ಇದೇ. ಗರ್ಭ ನಿಲ್ಲದಿದ್ದರೆ ಪ್ರೊಜೆಸ್ಟರಾನ್ ಮಟ್ಟ ಕುಸಿಯುತ್ತದೆ, ಒಳಪೊರೆಯ ಸುರುಳಿ ಧಮನಿಗಳು ಸಂಕುಚಿಸುತ್ತವೆ, ಪೊರೆ ಕಳಚಿ ಬೀಳುತ್ತದೆ. ಈ ಕುಸಿತವನ್ನು ತಡೆದರೆ ಮುಟ್ಟೂ ತಡವಾಗುತ್ತದೆ. ಆದರೆ ಸಹಜ ಪ್ರೊಜೆಸ್ಟರಾನನ್ನು ನುಂಗಿದರೆ ಅದರ ಬಹುಪಾಲು ಕರುಳು ಹಾಗೂ ಯಕೃತ್ತಿನಲ್ಲೇ ನಾಶವಾಗುತ್ತದೆ.

ದಾರಿ ತೋರಿದ್ದು ಮೆಕ್ಸಿಕೋದ ಕಾಡುಗೆಣಸು. ಅದರಲ್ಲಿರುವ ಡಯೋಸ್ಜೆನಿನ್‌ನಿಂದ ಪ್ರೊಜೆಸ್ಟರಾನ್ ತಯಾರಿಸುವ ವಿಧಾನವನ್ನು ರಸಾಯನಜ್ಞ ರಸೆಲ್ ಮಾರ್ಕರ್ 1940ರ ದಶಕದಲ್ಲಿ ರೂಪಿಸಿದ್ದ. 1951ರ ಅಕ್ಟೋಬರ್ 15ರಂದು ಸಿಂಟೆಕ್ಸ್ ಕಂಪನಿಯಲ್ಲಿ ಕಾರ್ಲ್ ಜೆರಾಸ್ಸಿ ಮತ್ತು ಜಾರ್ಜ್ ರೋಸೆನ್‌ಕ್ರಾಂಟ್ಸ್ ಅವರ ತಂಡದಲ್ಲಿದ್ದ ಲೂಯಿಸ್ ಮಿರಾಮೊಂಟೆಸ್ ನಾರ್‌ಎಥಿಸ್ಟೆರೋನ್ ತಯಾರಿಸಿದ. ಬಾಯಿಂದ ನುಂಗಿದರೂ ಕೆಲಸ ಮಾಡುವ ಅಣು ಅದು. (ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಡಯೋಸ್ಜೆನಿನ್‌ಗಾಗಿ ಔಷಧಿ ಗೆಣಸಿನ ತಳಿ ಬೆಳೆಸಿತ್ತು.)

ಮೊದಲ ಗರ್ಭನಿರೋಧಕ ಮಾತ್ರೆ ಎನೋವಿಡ್. ಅಮೆರಿಕದಲ್ಲಿ 1957ರಲ್ಲಿ ಮುಟ್ಟಿನ ತೊಂದರೆಗಳಿಗೆಂದು, 1960ರಲ್ಲಿ ಗರ್ಭನಿರೋಧಕ್ಕೆಂದು ಅದಕ್ಕೆ ಒಪ್ಪಿಗೆ ದೊರೆಯಿತು. ಗ್ರೆಗರಿ ಪಿಂಕಸ್ ಮತ್ತು ಜಾನ್ ರಾಕ್ ಮಾತ್ರೆಯನ್ನು ತಿಂಗಳಿಗೆ 20 ದಿನ ಮಾತ್ರ ಕೊಟ್ಟರು. ನಿಲ್ಲಿಸಿದಾಗ ರಕ್ತಸ್ರಾವವಾಗಿ, ಎಲ್ಲವೂ ಸಹಜವಾಗಿದೆ ಎಂಬ ಭರವಸೆ ಹುಟ್ಟುತ್ತಿತ್ತು. ನಮ್ಮ ಮಾಲಾ-ಎನ್ ಪೊಟ್ಟಣದಲ್ಲೂ 21 ಹಾರ್ಮೋನು ಮಾತ್ರೆ, 7 ಕಬ್ಬಿಣಾಂಶದ ಮಾತ್ರೆಗಳಿವೆ. ಆ ಏಳು ದಿನಗಳ ಸ್ರಾವ ನಿಜವಾದ ಮುಟ್ಟಲ್ಲ, ಹಾರ್ಮೋನು ಹಿಂತೆಗೆದುದರ ಫಲ. ವೈದ್ಯಕೀಯವಾಗಿ ಅದು ಬೇಕೇಬೇಕು ಎಂದೇನೂ ಇಲ್ಲ. ಇದನ್ನು ಪರೀಕ್ಷಿಸಲು 1977ರಲ್ಲಿ ಎಡಿನ್‌ಬರೋದ ವೈದ್ಯರು 196 ಮಹಿಳೆಯರಿಗೆ ಸತತ 84 ದಿನ ಮಾತ್ರೆ ಕೊಟ್ಟು, ಮುಟ್ಟನ್ನು ಮೂರು ತಿಂಗಳಿಗೊಮ್ಮೆ ತಂದರು. ಇದೇ ಕ್ರಮದ ಸೀಸನೇಲ್ ಮಾತ್ರೆಗೆ ಅಮೆರಿಕ 2003ರಲ್ಲಿ ಅನುಮತಿ ನೀಡಿತು.

'ಹಾಗಾದರೆ ಬಾರದ ರಕ್ತ ಎಲ್ಲಿಗೆ ಹೋಗುತ್ತದೆ?' ತರಗತಿಯಲ್ಲಿ ಈ ಪ್ರಶ್ನೆ ಬಂದರೆ ನಕ್ಕು ಸುಮ್ಮನಾಗಬಾರದು. ರಕ್ತ ಎಲ್ಲಿಯೂ ಶೇಖರವಾಗುವುದಿಲ್ಲ. ಪೊರೆ ಕಳಚುವವರೆಗೂ ಅದು ರಕ್ತನಾಳಗಳಲ್ಲೇ ಹರಿಯುತ್ತಿರುತ್ತದೆ. ದೀರ್ಘಕಾಲ ಮಾತ್ರೆ ಸೇವಿಸುವವರಲ್ಲಿ ಪೊರೆಯೇ ತೆಳುವಾಗುತ್ತದೆ.

ಮುಂದೂಡಲು ವೈದ್ಯರು ಸಾಮಾನ್ಯವಾಗಿ ಸೂಚಿಸುವುದು 5 ಮಿಲಿಗ್ರಾಂ ನಾರ್‌ಎಥಿಸ್ಟೆರೋನ್, ದಿನಕ್ಕೆ ಮೂರು ಬಾರಿ, ಮುಟ್ಟಿಗೆ ಮೂರು ದಿನ ಮೊದಲಿನಿಂದ. ಈ ಪ್ರಮಾಣದಲ್ಲಿ ಅದರ ಸ್ವಲ್ಪ ಭಾಗ ದೇಹದಲ್ಲಿ ಎಥಿನೈಲ್ ಈಸ್ಟ್ರಡೈಯಾಲ್ ಆಗಿ ಮಾರ್ಪಡುತ್ತದೆ. ಆದ್ದರಿಂದ ರಕ್ತ ಹೆಪ್ಪುಗಟ್ಟಿದ ಇತಿಹಾಸ, ಯಕೃತ್ತಿನ ರೋಗ, ಸ್ತನ ಕ್ಯಾನ್ಸರ್, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಇದು ತಕ್ಕುದಲ್ಲ. ನೆರೆಮನೆಯವರ ಚೀಟಿ ತೋರಿಸಿ ಕೊಳ್ಳುವುದು ಅಪಾಯಕಾರಿ. ಹೀಗೆ ಕೆಲವು ದಿನ ಸೇವಿಸಿದರೆ ಇದು ಗರ್ಭವನ್ನು ತಡೆಯುವುದೂ ಇಲ್ಲ, ಏಕೆಂದರೆ ಆ ಹೊತ್ತಿಗೆ ಅಂಡೋತ್ಸರ್ಗ ಆಗಿಹೋಗಿರುತ್ತದೆ. ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ಸ್ರಾವ ಆರಂಭವಾಗುತ್ತದೆ. ಆಗದಿದ್ದರೆ ಮೊದಲು ಮಾಡಿಸಬೇಕಾದದ್ದು ಗರ್ಭ ಪರೀಕ್ಷೆ.